ಗೋಡೆ ತಪ್ಪಿದ ನೋಟೀಸು

ಗಂಗಾಧರಸ್ವಾಮಿಯವರು ಯಾರ ಮನೆಯೊಳಗೆ ಕಾಲಿಟ್ಟರೂ ಮೊದಲು ಹುಡುಕುವುದು ಹೊರಗೋಡುವ ದಾರಿಯನ್ನು. ಮದುವೆಯ ಛತ್ರದಲ್ಲಿ ಅಕ್ಷತೆ ಹಾಕುವುದಕ್ಕೂ ಮುಂಚೆ ಬಾಗಿಲುಗಳನ್ನು ಎಣಿಸಿ, ಸೀರಿಯಲ್ ಸೆಟ್ಟಿನ ವೈರು ಎಲ್ಲಿ ಕಿತ್ತಿದೆಯೆಂದು ಕತ್ತೆತ್ತಿ ನಿಂತುಬಿಡುವ ಅವರನ್ನು ಕಂಡು ಪತ್ನಿ ನಾಗರತ್ನಮ್ಮ, "ಎಲ್ರೂ ಎಣ್ಣು ನೋಡುದ್ರೆ ಇವ್ರು ಪ್ಲಗ್ಗು ನೋಡ್ತರೆ ಕಣಪ್ಪ" ಎಂದು ನನ್ನ ಬಳಿ ದೂರಿದ್ದುಂಟು.

ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗಿನ ಹಲವು ಮಿಲ್ಲುಗಳಿಗೆ ಅವರು ಸುರಕ್ಷತಾ ಸಲಹೆಗಾರರು. ಗೋಡೆಯ ಮೇಲೆ ಇರಲೇಬೇಕೆಂದು ಕಾಯಿದೆ ಹೇಳುವ ನೋಟೀಸುಗಳನ್ನು ಅಚ್ಚುಹಾಕಿಸಿ ತಗುಲಿಹಾಕುವುದು, ತಗುಲಿಹಾಕಿದ್ದಾಗಿದೆಯೆಂದು ಸಹಿ ಮಾಡಿಕೊಡುವುದು ಅವರ ಕಸುಬು. ಬಿರುಬಿಸಿಲಿನಲ್ಲೂ ಕಬ್ಬಿಣದ ಮೂತಿಯ ಬೂಟು ತೊಟ್ಟು ನಡೆಯುವ ಅವರ ಹೆಜ್ಜೆಯ ಸದ್ದು ಗೇಟಿನಲ್ಲಿ ಕೇಳಿದೊಡನೆ ಆಳುಗಳು ಹೆಲ್ಮೆಟ್ಟನ್ನು ತಲೆಗೇರಿಸಿ, ಸದ್ದು ಅಡಗಿದೊಡನೆ ಅದನ್ನೇ ಮಗುಚಿ ಕಡಲೆಕಾಯಿ ತುಂಬಿಕೊಳ್ಳುತ್ತಿದ್ದರು.

ನೋಟೀಸಿನ ಕನ್ನಡ ತಿದ್ದಿಸಲು ಅವರು ನನ್ನಲ್ಲಿಗೆ ಬರುತ್ತಿದ್ದರು. ಯಾರೂ ಓದದಂತೆ ಬರೆಯುವುದರಲ್ಲಿ ನನಗೆ ಮೂವತ್ತು ವರ್ಷದ ಅನುಭವವಿದೆಯೆಂಬುದು ಪಾಪ ಅವರಿಗೆ ತಿಳಿದಿರಲಿಲ್ಲ. "ಯಂತ್ರವು ಚಲನಾವಸ್ಥೆಯಲ್ಲಿರುವಾಗ ಸ್ಪರ್ಶಿಸತಕ್ಕದ್ದಲ್ಲ" ಎಂದು ನಾನು ಗಂಭೀರವಾಗಿ ಬರೆದುಕೊಟ್ಟರೆ, "ಓಡೋ ಮಿಷನ್ನಿಗೆ ಕೈ ಹಾಕಬೇಡಿ ಅಂತ ಬರೀರಿ ಸಾರ್, ಓದೋರು ಬೆವರಲ್ಲಿರ್ತಾರೆ" ಎಂದು ನನ್ನ ಪಾಂಡಿತ್ಯವನ್ನು ಮೆತ್ತಗೆ ಪಕ್ಕಕ್ಕಿಡುತ್ತಿದ್ದರು.

ಇಷ್ಟು ಬಲ್ಲ ಮನುಷ್ಯ ಎಡವಿದ್ದು ದಾಕ್ಷಿಣ್ಯದಲ್ಲಿ. ಶಾಂತಮಲ್ಲಪ್ಪನವರ ಅರಿಸಿನ ಪಾಲಿಶ್ ಮಿಲ್ಲಿಗೆ ಆ ನೋಟೀಸನ್ನು ಒಯ್ದಾಗ ಅವರು, "ಒಳಗೆ ಧೂಳು ಕೂತು ವಾರಕ್ಕೇ ಕಾಣ್ದಂಗಾಯ್ತದೆ ಸ್ವಾಮೋರೆ, ನನ್ ರೂಮಲ್ಲೇ ಆಕ್ಬುಡಿ. ಇನ್ಸ್‌ಪೆಕ್ಟ್ರು ಬಂದ್ರೂ ಕೂರದು ಅಲ್ಲೇ ಅಲ್ವಾ?" ಎಂದರು. ಗಾಜು ಹಾಕಿಸಿದ ನೋಟೀಸು ಮಾದಪ್ಪನ ಪಟದ ಪಕ್ಕದಲ್ಲಿ ನೆಲೆಗೊಂಡಿತು. ದಿನವೂ ಒಂದು ಹೂವೂ ಅದಕ್ಕೆ ಸಲ್ಲುತ್ತಿತ್ತು. "ಕಾರ್ಮಿಕರಿಗೆ ಎದ್ದು ಕಾಣುವ ಸ್ಥಳದಲ್ಲಿ ಹಾಕಲಾಗಿದೆ" ಎಂಬ ಪ್ರಮಾಣಪತ್ರಕ್ಕೆ ಗಂಗಾಧರಸ್ವಾಮಿ ಸಹಿ ಹಾಕಿದರು.

ಕಳೆದ ಬೇಸಿಗೆಯಲ್ಲಿ, ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಆ ಮಿಲ್ಲಿನ ಕೆಲಸಕ್ಕೆ ಬರುತ್ತಿದ್ದ ಕುಮಾರಿ, ತಿರುಗುವ ಡ್ರಮ್ಮಿಗೆ ಸಿಕ್ಕಿಕೊಂಡ ಗೋಣಿಯನ್ನು ಎಳೆಯಲು ಹೋಗಿ ಬಲಗೈಯನ್ನು ಮಣಿಕಟ್ಟಿನವರೆಗೆ ಕಳೆದುಕೊಂಡಳು. ಪರಿಹಾರ ಕೇಳಿದ್ದಕ್ಕೆ ಮಾಲೀಕರ ವಕೀಲರ ಉತ್ತರ ಚುಟುಕಾಗಿತ್ತು: ನೋಟೀಸು ಕಣ್ಣೆದುರಿಗಿತ್ತು, ಬೇಕೆಂದೇ ಮೀರಿದಳು. ಈ ವಾದ ಗೆದ್ದರೆ ಆಕೆಗೆ ಬಿಡಿಗಾಸಿಲ್ಲ. ಸಾಕ್ಷಿ ಗಂಗಾಧರಸ್ವಾಮಿಯ ಸಹಿ.

"ಸೈನು ನಿಮ್ದು ಅಂತ ಏಳ್ಬುಡಿ, ಸಾಕು. ಅದೇನು ಸುಳ್ಳಲ್ವಲ್ಲ" ಎಂದಿದ್ದರಂತೆ ಶಾಂತಮಲ್ಲಪ್ಪ.

ವಿಚಾರಣೆಯ ದಿನ ಗಂಗಾಧರಸ್ವಾಮಿಯವರ ಜೊತೆಗೆ ನಾನೂ ಹೋಗಿದ್ದೆ. ಸಹಿ ನಿಮ್ಮದೇನಾ ಎಂದು ವಿಚಾರಣೆಯ ಅಧಿಕಾರಿ ಕೇಳಿದರು, ಹೌದೆಂದರು. ಎಲ್ಲಿ ಹಾಕಿದಿರಿ ಎಂದು ಯಾರೂ ಕೇಳಲಿಲ್ಲ. ಅವರು ಕಟಕಟೆಯ ಅಂಚು ಹಿಡಿದು, ಆ ಪ್ರಶ್ನೆಗಾಗಿ ಬಸ್ಸಿಗೆ ಕಾಯುವವರಂತೆ ಕಾಯುತ್ತ ನಿಂತರು. ಕೊನೆಗೆ ಬೆಂಚಿನಿಂದ ಕುಮಾರಿಯೇ ಎದ್ದಳು.

"ನಾನೂ ಏಳ್ನೇ ಗಂಟ ಓದಿವ್ನಿ ಸಾ. ಓದಕ್ಕೆ ಬತ್ತದೆ. ಎಲ್ಲಿತ್ತು ಅದು?"

"ಓನರ್ ರೂಮಲ್ಲಿ ಕಣಮ್ಮ. ನಾನೇ ಹಾಕ್ದೋನು."

ಪರಿಹಾರದ ಆದೇಶವಾಯಿತು. ಅಂದಿನಿಂದ ಯಾವ ಮಿಲ್ಲಿನವರೂ ಅವರನ್ನು ಕರೆದಿಲ್ಲ, ಅದು ನಿರೀಕ್ಷಿತವೇ. ಅವರನ್ನು ಕೊರೆಯುತ್ತಿರುವುದು ಬೇರೆ. ಹೊರಗೆ ಹುಣಿಸೆಮರದಡಿಯಲ್ಲಿ ಅವರು ಕೈಮುಗಿದಾಗ, ಮರಳಿ ಮುಗಿಯಲು ಎರಡನೆಯ ಕೈಯಿಲ್ಲದ ಕುಮಾರಿ, "ಈಗ ಏಳುದ್ರಲ್ಲ ಸಾ" ಎಂದಷ್ಟೇ ಹೇಳಿ ಬಸ್ಸಿಗೆ ನಡೆದಿದ್ದಳು.

ಇಂಥವರು ಕೇಡಿಗರಲ್ಲ. ಅಪಾಯ ಎಲ್ಲಿ ಕೂತಿದೆಯೆಂಬುದು ನಮ್ಮೆಲ್ಲರಿಗಿಂತ ಮೊದಲು ಅವರಿಗೇ ಕಾಣುತ್ತದೆ. ಬಾಯಿಬಿಟ್ಟು ಸುಳ್ಳಾಡುವುದೂ ಅವರಿಂದಾಗದು. ಕೇಳಿದರೆ ನಿಜವನ್ನೇ ಹೇಳುತ್ತಾರೆ. ಆದರೆ ಕೇಳುವುದಕ್ಕೆ ಏನೋ ಇದೆಯೆಂದು ಕೇಳಬೇಕಾದವರಿಗೆ ಗೊತ್ತಾಗುವಷ್ಟರಲ್ಲಿ ಕೈ ಹೋಗಿರುತ್ತದೆ.