ಅರ್ಧ ಹೆಣೆದ ಜಡೆ

ಮಗಳ ಎಡಗಡೆಯ ಜಡೆ ಹೆಣೆದು ರಿಬ್ಬನ್ ಕಟ್ಟಿಯಾಗಿತ್ತು. ಬಲಗಡೆಯ ಕೂದಲನ್ನು ಮೂರು ಎಳೆ ಮಾಡಿ ಬೆರಳಿಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು. ಒಲೆಯ ಮೇಲೆ ಹಾಲು, ಬಕೆಟ್ಟಿನಲ್ಲಿ ನೆನೆಸಿಟ್ಟ ಬಟ್ಟೆ, ಬಾಯಲ್ಲಿ ಕಚ್ಚಿಕೊಂಡ ಬಾಚಣಿಗೆ. ಅವಳು ಬಾಚಣಿಗೆ ತೆಗೆಯದೆಯೇ "ಹೂಂ" ಎಂದಳು.

"ಟೈಲರಮ್ಮನಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಬಂದ್ಬಿಡು," ತರಬೇತಿ ಕೊಡುವ ದೊಡ್ಡಕ್ಕನ ದನಿ. "ಇವತ್ತು ನಾನೂ ಒಂದು ಮೂಲೇಲಿ ಕೂತಿರ್ತೀನಿ. ಗೊತ್ತಲ್ಲ?"

ಗೊತ್ತಿಲ್ಲದೆ ಏನು? ಡೌಲಾ ಆಗಲು ಹೊರಟ ಮೇಲೆ ಅವಳು ಜೊತೆಗಿರಬೇಕಾದ ಹೆರಿಗೆಗಳಲ್ಲಿ ಇದೇ ಕೊನೆಯದು. ಹೋದ ಸಲವೇ ಮುಗಿಯಬೇಕಿತ್ತು. ಅಲ್ಲಿ ಎಡವಿದ್ದಳು. ಇವತ್ತೂ ಎಡವಿದರೆ, ಈ ಕೆಲಸ ನಿನಗಲ್ಲ ತಾಯಿ ಎಂದು ದೊಡ್ಡಕ್ಕ ಮನೆಗೆ ಕಳಿಸುವುದು ಖಂಡಿತ.

"ಹೆರೋಳು ಹೆರ್ತಾಳೆ, ಹೆರಿಸೋಕೆ ಡಾಕ್ಟ್ರು ಇದಾರೆ. ಮಧ್ಯದಲ್ಲಿ ನೀನ್ಯಾವ ಊರ ದಾಸಯ್ಯ?" ಅತ್ತೆ ಅಡುಗೆಮನೆಯಿಂದಲೇ ಕೇಳಿದರು. ವಾರಕ್ಕೊಮ್ಮೆಯಾದರೂ ಕೇಳುವ ಪ್ರಶ್ನೆ.

"ಜೊತೆಗಿರೋಳು ಅತ್ತೆ. ಸೊಂಟ ಒತ್ತಿ, ನೀರು ಕುಡಿಸಿ, ಕೈ ಹಿಡ್ಕೊಂಡಿರೋಳು."

"ನನ್ನ ಸೊಂಟ ದಿನಾ ನೋಯುತ್ತಲ್ಲ, ನನಗೂ ಒಬ್ಳು ಡೌಲಾನ ಗೊತ್ತು ಮಾಡು." ಹಾಗೆಂದರೂ ಅವರು ಹಾಲಿನ ಒಲೆ ಆರಿಸಿ ಮೊಮ್ಮಗಳತ್ತ ಕೈ ಚಾಚಿದರು. "ಬಾರೇ ಗುಬ್ಬಿ, ಇನ್ನೊಂದು ಜಡೆ ನಾನು ಹಾಕ್ತೀನಿ."

"ಬೇಡ. ಅಮ್ಮನೇ ಹಾಕ್ಲಿ."

"ಅಮ್ಮ ಬರೋದ್ರೊಳಗೆ ನಿನ್ನ ಮದುವೆ ಆಗಿರುತ್ತೆ."

ಗುಬ್ಬಿ ನಗಲಿಲ್ಲ. ಚಪ್ಪಲಿ ಮೆಟ್ಟುತ್ತಿದ್ದ ಅಮ್ಮನ ಹಿಂದೆಯೇ ಬಾಗಿಲವರೆಗೂ ಬಂದು ಬಾಯಿ ತೆರೆದಳು, ಮುಚ್ಚಿದಳು.

"ಏನೇ? ಬೇಗ ಹೇಳು, ಬಸ್ಸು ಹೋಗುತ್ತೆ."

"ಏನಿಲ್ಲ."

ಈ "ಏನಿಲ್ಲ" ಈಚೆಗೆ ಮನೆಯಲ್ಲಿ ಒಬ್ಬ ನೆಂಟನ ಹಾಗೆ ಠಿಕಾಣಿ ಹೂಡಿತ್ತು. ಮೊದಲು ಹೀಗಿರಲಿಲ್ಲ. ಸಂಜೆಯ ಅಭ್ಯಾಸಕ್ಕೆಲ್ಲ ಗುಬ್ಬಿಯೇ ಬಸುರಿ. ಫ್ರಾಕಿನೊಳಗೆ ದಿಂಬು ತುರುಕಿಕೊಂಡು ಚಾಪೆಯ ಮೇಲೆ ಹೊರಳಾಡಿ, "ಅಯ್ಯೋ ಡಾಕ್ಟ್ರೇ!" ಎಂದು ಅಜ್ಜಿಯನ್ನು ನಗಿಸುತ್ತಿದ್ದಳು. ಅವಳ ಪುಟ್ಟ ಸೊಂಟ ಒತ್ತುತ್ತ ಅಮ್ಮ ಆ ದಿನ ಕಲಿತ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಒಂದು ದಿನದ ಪಾಠ ಹೀಗಿತ್ತು: ನೋವು ತುದಿಗೆ ಬಂದಾಗ ಎಷ್ಟೋ ಜನ "ನನಗೆ ಬೇಡ, ಈ ಮಗೂನೇ ಬೇಡ" ಅಂತಾರೆ. ಹಾಗಂದರೆ ಮಗು ಹತ್ತಿರ ಬಂದಿದೆ ಅಂತ ತಿಳ್ಕೋಬೇಕು. ಬುದ್ಧಿ ಹೇಳಬಾರದು. ಸುಮ್ಮನೆ ಹೂಂ ಅನ್ನಬೇಕು.

ಮಾರನೆಯ ಸಂಜೆ ಗುಬ್ಬಿ ದಿಂಬು ಕಟ್ಟಿಕೊಳ್ಳಲು ಬರಲಿಲ್ಲ. ಹೋಂವರ್ಕ್ ಇದೆ ಎಂದಳು. ಮಗುವಿಗೆ ಆಟ ಬೇಜಾರಾಗಿರಬೇಕು ಅಂದುಕೊಂಡು ಅವಳು ಪಾತ್ರೆ ತೊಳೆಯಲು ಹೋಗಿದ್ದಳು.

ಅಷ್ಟು ಬಾಯಿಪಾಠ ಮಾಡಿದ್ದನ್ನೇ ಹೋದ ಸಲ ಮರೆತದ್ದು. ಆ ಹೆಂಗಸು "ಬೇಡ" ಎಂದು ಅರಚಿದ ಕೂಡಲೇ ಇವಳ ಬಾಯಿಂದ "ಹಾಗನ್ನಬಾರದು! ಮಗು ಕೇಳಿಸ್ಕೊಳ್ಳುತ್ತೆ!" ಎಂದು ಬಂದುಬಿಟ್ಟಿತ್ತು. ಆಕೆ ತುಟಿ ಕಚ್ಚಿಕೊಂಡು ಗೋಡೆಗೆ ಮುಖ ಮಾಡಿದವಳು ಹೆರಿಗೆ ಮುಗಿಯುವವರೆಗೂ ಇವಳ ಕಡೆ ತಿರುಗಲಿಲ್ಲ.

"ಅದು ಯಾರ ಮಾತು?" ಆಮೇಲೆ ದೊಡ್ಡಕ್ಕ ಕೇಳಿದ್ದರು.

"ನನಗೆ ನರ್ಸ್ ಅಂದಿದ್ದು. ಗುಬ್ಬಿ ಹುಟ್ಟುವಾಗ."

"ನಿನ್ನ ಹೆರಿಗೆನ ಚಪ್ಪಲಿ ಜೊತೆ ಹೊರಗೇ ಬಿಟ್ಟು ಒಳಗೆ ಬರಬೇಕು ಕಣೇ."

ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವಳು ಇದನ್ನೇ ಮೆಲುಕು ಹಾಕಿದಳು. ನಿದ್ದೆಗೆಟ್ಟ ಕಣ್ಣು ಉರಿಯುತ್ತಿತ್ತು.

ಟೈಲರಮ್ಮ ಗಟ್ಟಿ ಆಸಾಮಿ. ಮಂಚದ ಕಂಬಿ ಹಿಡಿದು ನಿಂತು, "ಅಕ್ಕಾ, ನನ್ನ ಅಳತೆ ತಗೊಂಡೋನು ಸರಿಯಾಗಿ ತಗೊಂಡಿಲ್ಲ, ಎಲ್ಲಾ ಬಿಗಿ," ಎಂದು ನೋವಿನ ನಡುನಡುವೆ ನಗುತ್ತಿದ್ದಳು. ಅವಳ ಸೊಂಟ ಒತ್ತಿ ಒತ್ತಿ ಇವಳ ಅಂಗೈ ಮರಗಟ್ಟಿತು. ಹಬೆಯಾಡುತ್ತಿದ್ದ ಚಹಾ ಕಿಟಕಿಯ ಕಟ್ಟೆಯ ಮೇಲೇ ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಟೈಲರಮ್ಮನ ನಗು ನಿಂತಿತು. ಆಮೇಲೆ ಮಾತೂ ನಿಂತಿತು. ಮೂಲೆಯಲ್ಲಿ ದೊಡ್ಡಕ್ಕ ಕೈಕಟ್ಟಿ ಕೂತೇ ಇದ್ದರು.

"ಬೇಡ ಅಕ್ಕಾ," ಟೈಲರಮ್ಮ ಒಮ್ಮೆಲೇ ಇವಳ ರವಿಕೆ ಹಿಡಿದು ಜಗ್ಗಿದಳು. "ನನಗೆ ಬೇಡ. ಮನೆಗೆ ಕಳಿಸಿ. ಈ ಮಗೂನೂ ಬೇಡ."

ಹಳೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ಎಂಜಲಿನ ಜೊತೆ ನುಂಗಿದಳು.

"ಹೂಂ," ಎಂದಳು. "ಸಾಕಾಗಿದೆ."

"ಸಾಕಾಗಿದೆ!"

"ಹೂಂ."

ಟೈಲರಮ್ಮ ಹಣೆಯನ್ನು ಇವಳ ಹೆಗಲಿಗಿಟ್ಟು ಅಷ್ಟೂ ಭಾರ ಬಿಟ್ಟಳು. ಇವಳು ಕದಲಲಿಲ್ಲ. ಆಮೇಲೆ ನರ್ಸು ಓಡಿಬಂದಳು, ಡಾಕ್ಟರು ಬಂದರು, ಕೆಂಪಗೆ ಮುದುಡಿಕೊಂಡ ಗಂಡುಮಗುವೂ ಬಂತು. ಈಗಷ್ಟೇ ಬೇಡವೆಂದವಳು "ಕೊಡಿ, ಕೊಡಿ ಇಲ್ಲಿ," ಎಂದು ಎರಡೂ ಕೈ ಚಾಚಿದಳು.

ಹೊರಗೆ ದೊಡ್ಡಕ್ಕ ಹೊಗಳಲಿಲ್ಲ. "ಮುಂದಿನ ಸಲ ನಾನು ಬರಲ್ಲ, ಒಬ್ಳೇ ಹೋಗು," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಹೊರಗೆ ಬಿಟ್ಟು ಬಂದ ಚಪ್ಪಲಿ ಮರೀಬೇಡ. ಮನೇಲಿ ಬೇಕಾಗುತ್ತೆ."

ಖುಷಿಪಡಲೂ ತ್ರಾಣವಿರಲಿಲ್ಲ. ಸಂಜೆ ಮನೆ ಸೇರಿದಾಗ ಬಟ್ಟೆ ಬಕೆಟ್ಟಿನಲ್ಲೇ ನೆನೆಯುತ್ತಿತ್ತು. ಗುಬ್ಬಿಯ ಎಡಗಡೆ ಜಡೆ, ಬಲಗಡೆ ಕೆದರಿದ ಕೂದಲು.

"ಹಿಂಗೇ ಸ್ಕೂಲಿಗೆ ಹೋಗಿ ಬಂದ್ಲು," ಅತ್ತೆ ದೂರಿದರು. "ಅರ್ಧ ಹುಡುಗಿ, ಅರ್ಧ ಪೊರಕೆ. ನನ್ನ ಕೈ ಮುಟ್ಟಿಸ್ಕೊಂಡ್ರೆ ಕೇಳು." ಸೊಸೆಯ ಮುಖ ನೋಡಿ ದನಿ ತಗ್ಗಿಸಿದರು. "ಕೂತ್ಕೋ ಮೊದ್ಲು. ಬಟ್ಟೆ ನಾನು ಹಿಂಡಿ ಹಾಕ್ತೀನಿ."

ಅವಳು ಗೋಡೆಗೊರಗಿ ಕಾಲು ಚಾಚಿದಳು. ಗುಬ್ಬಿ ಬಾಚಣಿಗೆ ತಂದುಕೊಟ್ಟು ಬೆನ್ನು ಹಾಕಿ ಕೂತಳು. ತೋಳು ಮೇಲೆತ್ತಲು ಆಗುತ್ತಿರಲಿಲ್ಲ. ಕಾಲು ಮಡಚಿ, ಮೊಣಕೈಯನ್ನು ಮಂಡಿಗೆ ಊರಿಕೊಂಡು ಸಿಕ್ಕು ಬಿಡಿಸತೊಡಗಿದಳು.

"ಅಮ್ಮಾ."

"ಹೂಂ."

"ಏನಿಲ್ಲ."

ಬೇರೆ ದಿನವಾಗಿದ್ದರೆ ಹೇಳೇ, ಏನಾಯ್ತು, ಯಾರಾದ್ರೂ ಬೈದ್ರಾ ಎಂದು ಬೆನ್ನು ಹತ್ತುತ್ತಿದ್ದಳು. ಇವತ್ತು ಅದಕ್ಕೂ ಉಸಿರಿರಲಿಲ್ಲ. ಕೈಗಳಿನ್ನೂ ಆ ಹೆರಿಗೆ ಕೋಣೆಯಲ್ಲೇ ಇದ್ದಂತಿದ್ದವು, ಕಾಯುವುದೊಂದೇ ಅವಕ್ಕೆ ಗೊತ್ತಿತ್ತು. ಒಂದು ಎಳೆಯ ಮೇಲೆ ಇನ್ನೊಂದು ಎಳೆ ಹಾಕುತ್ತ ಹೋದಳು. ಹಿತ್ತಲಲ್ಲಿ ಅತ್ತೆ ಬಟ್ಟೆ ಒದರುವ ಸದ್ದು. ಗುಬ್ಬಿಯ ಪುಟ್ಟ ಬೆನ್ನು ಅವಳ ಮೊಣಕಾಲಿಗೆ ಮೆಲ್ಲಗೆ ಒರಗಿತು, ಒಮ್ಮೆ ದೊಡ್ಡದಾಗಿ ಉಬ್ಬಿ ಇಳಿಯಿತು.

"ಅಮ್ಮಾ, ನಾನು ಹುಟ್ಟುವಾಗ ನೀನೂ ಬೇಡ ಅಂದಿದ್ಯಾ?"