ಎಡಗೈಯ ಬಟ್ಟೆ

“ಬಟ್ಟಿ ಬಿಚ್ಚೋ ಸಂಗಮೇಶ. ಲಿಂಗ ಅಂಗೈಯಾಗ ಇಡಬೇಕು,” ಎಂದು ಮಠದ ಅಯ್ಯನವರು ಎರಡನೆಯ ಸಲ ಹೇಳಿದರು.

ಹೊಲದಲ್ಲಿ ತೋಡಿದ್ದ ಸಮಾಧಿಯ ಕುಣಿಯೊಳಗೆ ಅಪ್ಪ ರೇವಪ್ಪನ ದೇಹವನ್ನು ಕೂರಿಸಿಯಾಗಿತ್ತು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಎಡಗೈಗೆ ಮಾತ್ರ ಬೆರಳ ತುದಿಯಿಂದ ಮೊಣಕೈವರೆಗೆ ಧೋತರದ ತುಂಡು ಸುತ್ತಿತ್ತು. ಬೆಳಿಗ್ಗೆ ಮೈ ತೊಳೆಯುವಾಗ ಸಂಗಮೇಶ ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲ. ತಾನೇ ನೀರು ಹಾಕಿ, ತಾನೇ ಒರೆಸಿ, ತಾನೇ ಹೊಸ ಬಟ್ಟೆ ಸುತ್ತಿ ಗಂಟು ಹಾಕಿದ್ದ. ಮಗ ಅಂದರೆ ಹೀಗಿರಬೇಕು ಎಂದು ಮಂದಿ ಹೊಗಳಿದ್ದರು.

“ಬಟ್ಟಿ ಮ್ಯಾಲೇ ಇಡ್ರಿ ಅಯ್ಯಾರ,” ಎಂದ ಕುಣಿಯೊಳಗೇ ನಿಂತಿದ್ದ ಸಂಗಮೇಶ, ಮೆಲ್ಲಗೆ. “ಗಾಯ ಐತ್ರಿ.”

“ಸತ್ತವರಿಗೆ ಎಲ್ಲಿ ಗಾಯೋ ತಮ್ಮಾ?”

ಕುಣಿಯ ದಂಡೆಯ ಮೇಲೆ ತಂಗಿ ದಾನೇಶ್ವರಿ ನಿಂತಿದ್ದಳು. ಪಕ್ಕದಲ್ಲೇ ಅವಳ ಅತ್ತೆ ಶಂಕ್ರೆವ್ವ, ಮೊದಲ ಬಸ್ಸಿಗೆ ನಿಡಗುಂದಿಯಿಂದ ಬಂದವಳು. ಅಷ್ಟು ಮಂದಿಯಲ್ಲಿ ಸಂಗಮೇಶ ಹೆದರಿದ್ದು ಈ ಒಬ್ಬ ಹೆಂಗಸಿಗೆ. ಒಂಬತ್ತು ವರ್ಷ ಮುಚ್ಚಿಟ್ಟದ್ದನ್ನು ಇವತ್ತು ಅವಳು ಕಂಡರೆ ತಂಗಿಯ ಬಾಳು ಏನಾದೀತು?

*

ತೊಂಬತ್ತನಾಲ್ಕರ ದಸರೆ, ಮಾನೌಮಿ ಸೂಟಿಯ ಒಂದು ಮಧ್ಯಾಹ್ನ. ಇದೇ ಹೊಲ, ಇದೇ ಹೊಲದ ಮನೆ. ಗೋಂಜಾಳದ, ಅಂದರೆ ಮೆಕ್ಕೆಜೋಳದ, ಹಸಿ ತೆನೆ ಸುಡುವುದೆಂದರೆ ರೇವಪ್ಪನಿಗೆ ಹಬ್ಬಕ್ಕಿಂತ ಹೆಚ್ಚು. ಅಂಗಳದಲ್ಲಿ ಕುಳ್ಳಿನ ಕೆಂಡ ಮಾಡಿ, ತೆನೆ ಹೊರಳಿಸಿ, ಎಡಗೈಯಲ್ಲಿ ಹಿಡಿದು ಬಲ ಹೆಬ್ಬೆರಳಿನಿಂದ ಕಾಳು ಬಿಡಿಸಿ, ಉಪ್ಪು ಖಾರ ತಿಕ್ಕಿ, ಒಬ್ಬೊಬ್ಬರ ಅಂಗೈಗೆ ಸುರಿಯುತ್ತಿದ್ದ. ತಾಟಿನಲ್ಲಿ ಹಾಕಿದರೆ ರುಚಿ ಹೋಗುತ್ತದೆ ಎಂಬುದು ಅವನ ಹಟ. ಹೆಂಡತಿ ಹೋದ ಮೇಲೆ ಮಕ್ಕಳಿಬ್ಬರನ್ನೂ ಹಾಗೆ ಕೈಯಿಂದ ಕೈಗೆ ಕೊಟ್ಟು ಬೆಳೆಸಿದ ಮನುಷ್ಯ.

ಆ ವರ್ಷ ಅವನ ಎಡಗೈಯ ಮೇಲೆ ಎರಡು ಬಿಳಿ ಕಲೆ ಎದ್ದಿದ್ದವು. ತೊನ್ನು. ಅಂಟುವಂಥದ್ದಲ್ಲ ಎಂದು ಬಾಗೇವಾಡಿಯ ಡಾಕ್ಟರು ಹೇಳಿದ್ದರು. ಆದರೆ ಕನ್ಯೆ ನೋಡಲು ಬರುವವರು ಡಾಕ್ಟರನ್ನು ಜೊತೆಗೆ ಕರೆತರುವುದಿಲ್ಲವಲ್ಲ!

ದಾನೇಶ್ವರಿಯನ್ನು ನೋಡಲು ಶಂಕ್ರೆವ್ವ ಗಂಡನನ್ನೂ ಮಗನನ್ನೂ ಕರೆದುಕೊಂಡು ಬಂದಿದ್ದಳು. ಉಪ್ಪಿಟ್ಟು ತಿಂದಾದ ಮೇಲೆ ಎಲ್ಲರೂ ಕೆಂಡದ ಸುತ್ತ ಕೂತು ಹರಟುತ್ತಿದ್ದರು. ರೇವಪ್ಪ ಕಾಳು ಬಿಡಿಸಿ ಶಂಕ್ರೆವ್ವನ ಕಡೆ ಕೈ ಚಾಚಿದ.

“ಕೈಗೆ ಏನಾಗೇತ್ರಿ ಯಜಮಾನ್ರ?”

ಅಪ್ಪ ಬಾಯಿ ತೆರೆಯುವ ಮೊದಲೇ ಸಂಗಮೇಶ ಹೇಳಿಬಿಟ್ಟ. “ಬೆಂಕಿ ತಾಗಿ ಸುಟ್ಟೈತ್ರಿ. ತೆನಿ ಸುಡೂ ಹುಚ್ಚು ನೋಡ್ರಿ ಇವರಿಗೆ.” ಅಲ್ಲಿಗೆ ಸುಮ್ಮನಾಗಿದ್ದರೂ ಆಗುತ್ತಿತ್ತು. “ಕೈ ತಕ್ಕೋ ಅಪ್ಪಾ. ತಾಟಿನ್ಯಾಗ ಹಾಕಿ ಕೊಡು.”

ರೇವಪ್ಪ ಮಗನ ಮುಖ ನೋಡಿದ. ಕೈಯಲ್ಲಿದ್ದ ಕಾಳನ್ನು ತಾಟಿಗೆ ಸುರಿದ. ಆಮೇಲೆ, ಇಕ್ಕಳ ಪಕ್ಕದಲ್ಲೇ ಬಿದ್ದಿದ್ದರೂ, ಎಡಗೈಯನ್ನು ಕೆಂಡಕ್ಕೆ ಹಾಕಿ ಇನ್ನೊಂದು ತೆನೆ ಎತ್ತಿದ. ಚರ್ಮ ಸುಟ್ಟ ವಾಸನೆ ಬರುವ ತನಕ ಹಿಡಿದುಕೊಂಡೇ ಕೂತ.

“ಹೌದ್ರಿ, ಸುಟ್ಟೈತಿ,” ಎಂದ. “ನಮ್ಮ ಹುಡುಗ ಸುಳ್ಳು ಹೇಳಂಗಿಲ್ರಿ.”

ಸಂಬಂಧ ಕೂಡಿತು. ಗಾಯ ಮಾಯಿತು, ಬಟ್ಟೆ ಮಾತ್ರ ಹೋಗಲಿಲ್ಲ. ಕಲೆ ಮೇಲೆ ಮೇಲೆ ಏರಿದಂತೆ ಬಟ್ಟೆಯೂ ಏರಿತು. ಪ್ರತಿ ಮಾನೌಮಿಗೆ ರೇವಪ್ಪ ತೆನೆ ಸುಟ್ಟ, ಆದರೆ ಮೊಮ್ಮಕ್ಕಳು ಅಂಗೈ ಒಡ್ಡಿದರೆ ತಾಟನ್ನು ಮುಂದೆ ಸರಿಸುತ್ತಿದ್ದ. “ಸಾಕು, ಬಿಚ್ಚಪ್ಪ” ಎಂದು ಸಂಗಮೇಶ ಒಂದು ದಿನವೂ ಅನ್ನಲಿಲ್ಲ. ಮೊದಮೊದಲು ಇದೆಲ್ಲ ತಂಗಿಗಾಗಿ ಎಂದುಕೊಂಡ. ಆಮೇಲೆ ಅಪ್ಪನಿಗೇ ರೂಢಿಯಾಗಿದೆ ಎಂದುಕೊಂಡ.

*

“ಅತ್ತಾಗ ಸರಿ ಅಣ್ಣಾ,” ಎನ್ನುತ್ತ ದಾನೇಶ್ವರಿ ಕುಣಿಗಿಳಿದಳು. ಗಂಟಿಗೆ ಕೈ ಹಾಕಿದಳು.

“ದಾನವ್ವಾ, ಬ್ಯಾಡ. ನಿಮ್ಮತ್ತಿ ನೋಡಾಕತ್ತಾರ.”

ಮೆಲ್ಲಗೆ ಅಂದದ್ದೂ ಮೇಲೆ ಕೇಳಿಸಿತು. “ಬಿಚ್ಚವಾ,” ಎಂದಳು ಶಂಕ್ರೆವ್ವ. “ನನಗ ಅವತ್ತ ಗೊತ್ತಾಗಿತ್ತು. ಸುಟ್ಟದ್ದು ಯಾವುದು, ತೊನ್ನು ಯಾವುದು ತಿಳಿಯಂಗಿಲ್ಲೇನು? ನಮ್ಮವ್ವಗೂ ಇತ್ತು.”

ಸಂಗಮೇಶ ದಂಡೆಯ ಕಡೆ ತಿರುಗಿದ. “ಮತ್ತ... ಯಾಕ ಅನಲಿಲ್ರಿ?”

“ಹೆಂಗ ಅನ್ಲೋ ತಮ್ಮಾ? ನಿನ್ನ ಮಾತು ಖರೇ ಮಾಡಾಕ ಕೈ ಸುಟ್ಟಗೊಂಡ್ರು ಅವರು. ಅವರ ಮುಂದ ನಿನ್ನ ಸುಳ್ಳ ಮಾಡ್ಲೇನು?” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ವರ್ಷಾ ವರ್ಷಾ ಬಂದೆ. ಈ ಸಲರೇ ಕೈಯಾಗ ಕೊಡ್ತಾರೇನು ಅಂತ. ಕೊಡಲೇ ಇಲ್ಲ.”

ಸಂಗಮೇಶನಿಗೆ ತಲೆಯೆತ್ತಲು ಆಗಲಿಲ್ಲ. ಅಪ್ಪನ ಬದಲು ತನ್ನನ್ನೇ ಆ ಕುಣಿಯಲ್ಲಿ ಮುಚ್ಚಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

ದಾನೇಶ್ವರಿ ಸುತ್ತು ಸುತ್ತಾಗಿ ಬಿಚ್ಚಿ ಬಟ್ಟೆಯನ್ನು ಅಣ್ಣನ ಕೈಗೆ ಕೊಟ್ಟಳು. ಅಪ್ಪನ ಕೈ ಪೂರಾ ಬೆಳ್ಳಗಾಗಿತ್ತು. ಅಂಗೈಯ ನಡುವೆ ಮಾತ್ರ ತೆನೆಯಗಲದ ಕಂದು ಗುರುತು. ಅಯ್ಯನವರು ಅದರ ಮೇಲೇ ಲಿಂಗ ಇಟ್ಟು ಬೆರಳು ಮಡಿಚಿದರು. ಯಾರೂ ಹಿಂದೆ ಸರಿಯಲಿಲ್ಲ.

“ಮೊದಲ ಹಿಡಿ ಮಗಂದು,” ಎಂದರು ಅಯ್ಯನವರು.

ಸಂಗಮೇಶ ಮೇಲೆ ಹತ್ತಿ, ಬಗ್ಗಿ, ಬಲಗೈ ತುಂಬ ಮಣ್ಣು ಹಿಡಿದು ನಿಂತ. ಆಗ ತಂಗಿ ನೋಡಿದಳು. ಆ ಬಟ್ಟೆಯನ್ನು ಅವನು ಯಾವಾಗಲೋ ತನ್ನ ಎಡಗೈಗೆ, ಬೆರಳೂ ಕಾಣದ ಹಾಗೆ ಸುತ್ತಿಕೊಂಡಿದ್ದ.