ಕ್ಯಾಮೆರಾದ ಕಣ್ಣಿಗೆ ಕುಂಕುಮ

ಮಾಧಾಪುರದಾಗ ಆಗ ಎಲ್ಲಿ ನೋಡಿದ್ರೂ ಗಾಜಿನ ಕಟ್ಟಡ ಏಳಾಕತ್ತಿದ್ದವು. ಹೊರಗ ಥಳಥಳ, ಒಳಗ ಬುದ್ಧಿಯ ಬರಗಾಲ. ಅಂಥದೊಂದು ಸಾಫ್ಟ್‌ವೇರ್ ಕಂಪನಿಯ ಕಾವಲು ಎಷ್ಟು ಗಟ್ಟಿ ಐತಿ ಅಂತ ಪರೀಕ್ಷೆ ಮಾಡಿ ವರದಿ ಕೊಡಾಕ ಬಂದಿದ್ಲು ಕಲಬುರ್ಗಿಯ ವಿಶಾಲಾಕ್ಷಿ. ಅದೇ ಆಕಿ ಕಸುಬು. ಈ ಊರಿನ ಆಫೀಸುಗಳ ಬಾಗಿಲು, ಬೀಗ ನೋಡಿ ನೋಡಿ, ಟೈ ಕಟ್ಟಿದವರ ಮ್ಯಾಲಿನ ಮರ್ಯಾದೆ ಆಕಿಗೆ ಯಾವಾಗೋ ಹೋಗಿಬಿಟ್ಟಿತ್ತು.

ಮ್ಯಾನೇಜರ್ ರಾಘವೇಂದ್ರ ಮೈಸೂರಿನಾಂವ. ಮಾತಿನಾಗ ಅರಮನೀ ದರ್ಬಾರು.

"ಪ್ರತಿ ಬಾಗಿಲಿಗೂ ಕ್ಯಾಮೆರಾ ಇದೆ ಮೇಡಂ. ಆದ್ರೂ ಆಯುಧಪೂಜೆ ಮಾರನೇ ದಿನ ಹಿಂದಿನ ಬಾಗಿಲು ಮುರಿದು ಲ್ಯಾಪ್‌ಟಾಪ್ ಕದ್ದಿದ್ದಾರೆ. ಇದು ನಮ್ಮ ವಾಚ್‌ಮನ್‌ನದೇ ಕೆಲಸ. ಇವತ್ತೇ ಪೊಲೀಸರಿಗೆ ಒಪ್ಪಿಸ್ತೀನಿ. ನೀವೂ ಹಾಗೇ ಬರೀರಿ."

ವಾಚ್‌ಮನ್ ಬಂಡೆಪ್ಪ, ಬೀದರ್ ಕಡೆಯಾಂವ, ಟೊಪ್ಪಿಗಿ ಕೈಯಾಗ ಹಿಡಕೊಂಡು ಮೂಲ್ಯಾಗ ನಿಂತಿದ್ದ. "ದೇವರಾಣೆ ನಾ ಅಲ್ರೀ ಅಕ್ಕಾರ. ಕಳ್ಳ ಅನ್ನಿಸಿಕೊಂಡು ಮಕ್ಕಳಿಗೆ ಹೆಂಗ ಮಾರಿ ತೋರಸ್ಲಿ?"

"ಕ್ಯಾಮೆರಾದಾಗ ಏನೈತಿ ಹಚ್ಚಿ ತೋರಸ್ರಿ," ಅಂದ್ಲು ವಿಶಾಲಾಕ್ಷಿ.

"ಅದು... ಎಲ್ಲಾ ಸ್ವಲ್ಪ ಕೆಂಪಗಿದೆ ಮೇಡಂ."

ಸ್ವಲ್ಪ ಏನ್ ಬಂತು, ಪರದೆ ತುಂಬ ಬರೇ ಕೆಂಪು! ಈ ಮಹಾಶಯ ಅದನ್ನ ಹಿಂದಕ್ಕ ತಿರುಗಿಸಿ ನೋಡೋ ತ್ರಾಸು ಸುದ್ಧಾ ತಗೊಂಡಿರಲಿಲ್ಲ. ಆಕಿ ಪೂಜೆಯ ದಿನಕ್ಕ ತಿರುಗಿಸಿದ್ಲು. ಒಂದೊಂದು ಕ್ಯಾಮೆರಾದಾಗೂ ಅದೇ ಕಥಿ: ಶಲ್ಯ ಹೊದ್ದ ರಾಘವೇಂದ್ರನ ಮಾರಿ ಹತ್ರ ಬರ್ತೈತಿ, ಹೆಬ್ಬೆರಳು ಏಳ್ತೈತಿ, ಆಮ್ಯಾಲ ಕೆಂಪು.

"ಅಯ್ಯ ಶಿವನ! ಕಣ್ಣಿಗೇ ಕುಂಕುಮ ಮೆತ್ತೀರಲ್ರೀ?"

"ಎಲ್ಲಾ ಯಂತ್ರಕ್ಕೂ ಇಡ್ಬೇಕಲ್ಲ ಮೇಡಂ, ಸಂಪ್ರದಾಯ."

"ಕಾರಿನ ಪೂಜೆ ಮಾಡಿದ್ರ ಡ್ರೈವರನ ಕಣ್ಣಾಗ ಕುಂಕುಮ ತುಂಬ್ತೀರೇನು?"

ಕಡೀಕ ಹಿಂದಿನ ಬಾಗಿಲಿನ ಕ್ಯಾಮೆರಾ. ಅದೂ ಕೆಂಪಾತು. ಆದ್ರ ಆ ಕೆಂಪಿನ ಮ್ಯಾಲ ಒಂದು ಹಸಿ ಬಟ್ಟಿ ಆಡಿತು. ಅರ್ಧ ಪರದೆ ತಿಳಿಯಾತು. ಸ್ಟೂಲಿನ ಮ್ಯಾಲ ಬಂಡೆಪ್ಪ, ಬಟ್ಟಿ ಹಿಡಕೊಂಡು ಒರಸಾಕತ್ತಾನ. ಅಷ್ಟರಾಗ ರಾಘವೇಂದ್ರ ಓಡಿಬಂದು, ಆ ಬಟ್ಟಿ ಕಸಗೊಂಡು, ಆತನ್ನ ಕೆಳಗಿಳಿಸಿ, ತಾನೇ ಏರಿ ಇನ್ನೊಮ್ಮೆ ದಪ್ಪಗ ಮೆತ್ತಿದ.

ರಾಘವೇಂದ್ರ ಹೆಬ್ಬೆರಳು ಮುಷ್ಟಿಯಾಗ ಮುಚ್ಚಿಕೊಂಡ. "ಪೂಜೆ ಕುಂಕುಮ ಒರೆಸಿದ್ರೆ ಅಪಶಕುನ ಅಂತ..."

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡನಂತ. ಇಲ್ಲಿ ನೀವು ಕಂಡೋರ ಹೆಗಲು ಮುಟ್ಟಾಕತ್ತೀರಿ," ಅಂದ್ಲು ವಿಶಾಲಾಕ್ಷಿ. "ಕದಿಯೋ ಮನಸಿದ್ದಾಂವ ಕ್ಯಾಮೆರಾದ ಕಣ್ಣು ಒರಸ್ತಾನೇನ್ರಿ? ಬಂಡೆಪ್ಪ ಕಾಯಾಕ ನೋಡಿದ, ನೀವು ಬಿಡಲಿಲ್ಲ. ವರದಿಯಾಗ ಇಷ್ಟೇ ಬರೀತೀನಿ. ಜೋಡಿ ನಿಮ್ಮ ಹೆಬ್ಬೆರಳಿನ ಫೋಟೋನೂ ಇರ್ತೈತಿ."

ಬಂಡೆಪ್ಪ ಟೊಪ್ಪಿಗಿ ಹಾಕ್ಕೊಂಡ. ಮೂಲ್ಯಾಗಿನ ಸ್ಟೂಲು ಎತ್ತಿಕೊಂಡು, ಬಾಗಿಲದಾಗ ನಿಂತು ಕೇಳಿದ:

"ಸಾಹೇಬ್ರ, ಈಗರೆ ಒರಸ್ಲೇನ್ರಿ?"